'ಮಸ್ಟ್ ನಾಟ್', 'ಡೋಂಟ್ ಹ್ಯಾವ್ ಟು' ಎರಡರ ಅರ್ಥವೂ ಒಂದೇನಾ?

ಖಂಡಿತ ಅಲ್ಲ. 'ಯು ಮಸ್ಟ್ ನಾಟ್ ಗೋ' ಅಂದರೆ ನೀನು ಹೋಗಕೂಡದು. 'ಯು ಡೋಂಟ್ ಹ್ಯಾವ್ ಟು ಗೋ' ಅಂದರೆ ಹೋಗಬೇಕಾಗಿಲ್ಲ, ಹೋದರೂ ತಪ್ಪೇನಿಲ್ಲ.

'ಮಸ್ಟ್', 'ಹ್ಯಾವ್ ಟು' ಎರಡಕ್ಕೂ 'ಬೇಕು' ಅಂತಲೇ ಕಲಿತಿರುತ್ತೇವೆ ಅಲ್ವಾ, ಗೊಂದಲ ಶುರುವಾಗೋದೇ ಅಲ್ಲಿ. ನೋಡಬೇಕಾದದ್ದು 'ನಾಟ್' ಯಾವುದಕ್ಕೆ ಅಂಟಿಕೊಂಡಿದೆ ಅನ್ನುವುದನ್ನು. 'ಮಸ್ಟ್ ನಾಟ್'ನಲ್ಲಿ ಅದು ಕೆಲಸಕ್ಕೆ ಅಂಟುತ್ತದೆ: ಹೋಗದೇ ಇರುವುದೇ ಕಡ್ಡಾಯ. 'ಡೋಂಟ್ ಹ್ಯಾವ್ ಟು'ನಲ್ಲಿ ಕಡ್ಡಾಯವೇ ಇಲ್ಲವಾಗುತ್ತದೆ. ಮಾತ್ರೆಯ ಡಬ್ಬಿ ಮೇಲೆ 'ಮಸ್ಟ್ ನಾಟ್' ಎಂದಿದ್ದರೆ ಅದನ್ನು 'ಬೇಕಾಗಿಲ್ಲ' ಎಂದು ಓದಿಕೊಳ್ಳುವುದು ನಿಜಕ್ಕೂ ಅಪಾಯ. ಅನುಮಾನ ಬಂದಾಗ 'ಕೂಡದು', 'ಬೇಕಾಗಿಲ್ಲ' ಎರಡನ್ನೂ ಹಾಕಿ ನೋಡಿ.

ಅಂದಹಾಗೆ, 'ನಿನ್ನೆ ಹೋಗಬೇಕಾಯಿತು' ಅನ್ನಲು 'ಮಸ್ಟ್' ಬರುವುದಿಲ್ಲ. 'ಹ್ಯಾಡ್ ಟು ಗೋ' ಅನ್ನಬೇಕು.