ಹಳೆ ಸೀರೆ, ಹಳೆ ಜೀನ್ಸ್‌ನಲ್ಲಿ ಹೊಲಿದ ಹ್ಯಾಂಡ್‌ಬ್ಯಾಗ್ ಬಾಳಿಕೆ ಬರುತ್ತದಾ?

ಖಂಡಿತ ಬರುತ್ತದೆ. ಆದರೆ ಬಟ್ಟೆ ಆರಿಸುವಾಗಲೇ ಹುಷಾರಾಗಿರಬೇಕು.

ಮೊದಲು ಒಗೆದು ಒಣಗಿಸಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಸವೆದ ಜಾಗ ಜರಡಿಯ ಹಾಗೆ ಕಾಣುತ್ತದೆ, ಅದನ್ನು ಬಿಟ್ಟು ಕತ್ತರಿಸಿ. ರೇಷ್ಮೆ ಸೀರೆಯಾದರೆ ಮಡಿಕೆಯ ಗೆರೆಗಳನ್ನು ಎರಡೂ ಕೈಯಿಂದ ಮೆಲ್ಲಗೆ ಎಳೆದು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ಸೀರೆ ಸೀಳುವುದು ಜಾಸ್ತಿ ಅಲ್ಲೇ.

ನನಗೆ ತುಂಬಾ ಇಷ್ಟವಾದ ಜೋಡಿ ಜೀನ್ಸ್ ಮತ್ತು ಇಳಕಲ್ ಸೀರೆ. ತಳಕ್ಕೂ ಹಿಡಿಕೆಗೂ ಜೀನ್ಸ್, ಮುಂಭಾಗಕ್ಕೆ ಕೆಂಪು ಸೆರಗು. ಸೀರೆ ತೆಳು, ಹಾಗಾಗಿ ಹಿಂದೆ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ, ಬಟ್ಟೆಗೆ ಬಿಗಿ ಕೊಡುವ ಪದರ) ಅಂಟಿಸಲೇಬೇಕು. ಇಲ್ಲದಿದ್ದರೆ ಬ್ಯಾಗ್ ಜೋತು ಬೀಳುತ್ತದೆ. ಇಸ್ತ್ರಿ ಇಡುವ ಮೊದಲು ಮೇಲೊಂದು ಕಾಟನ್ ಬಟ್ಟೆ ಹಾಸಿ. ಉಡಲು ಇನ್ನೂ ಚೆನ್ನಾಗಿರುವ ಕಸೂತಿ ಸೀರೆಗೆ ಮಾತ್ರ ದಯವಿಟ್ಟು ಕತ್ತರಿ ಹಾಕಬೇಡಿ.

ಜೀನ್ಸ್‌ಗೆ 16ನೇ ನಂಬರಿನ ಸೂಜಿ ಬಳಸಿ. ಹಿಡಿಕೆ ಸೇರುವಲ್ಲಿ ಚೌಕವಾಗಿ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಹೊಲಿಗೆ ಹಾಕಿ. ಭಾರವೆಲ್ಲ ಬೀಳುವುದು ಅಲ್ಲೇ ಅಲ್ವಾ? ಒಳಪದರಕ್ಕೆ ಹಳೆ ಕಾಟನ್ ಶರ್ಟ್ ಸಾಕು. ಅದರ ಜೇಬು ಬಿಚ್ಚದೆ ಉಳಿಸಿಕೊಂಡರೆ ಮೊಬೈಲ್ ಇಡಲು ಜಾಗವಾಗುತ್ತದೆ.