ಉರಿಯೂತ ಜಾಸ್ತಿ, ರೋಗನಿರೋಧಕ ಶಕ್ತಿ ಕಮ್ಮಿ: ಎರಡೂ ಒಟ್ಟಿಗೆ ಹೇಗೆ?

ಪ್ರಶ್ನೆ: ನಮ್ಮ ತಂದೆಗೆ ಕೆಲವು ವರ್ಷಗಳಿಂದ ಲಿವರ್ ಸಿರೋಸಿಸ್ ಇದೆ. ಈಚೆಗೆ ಮೂತ್ರದ ಸೋಂಕಾಯಿತು. ಕಾಮಾಲೆ ಏರಿತು, ಕಿಡ್ನಿ ಸೋತಿತು, ಮಾತು ತಡವರಿಸತೊಡಗಿತು. ಈಗ ಐಸಿಯುನಲ್ಲಿದ್ದಾರೆ. ಒಬ್ಬ ಡಾಕ್ಟರು ‘ಮೈಯೆಲ್ಲಾ ಉರಿಯೂತ’ ಅಂದರು, ಇನ್ನೊಬ್ಬರು ‘ರೋಗನಿರೋಧಕ ಶಕ್ತಿ ಕುಸಿದಿದೆ’ ಅಂದರು. ಯಾವುದು ಸರಿ? ಶಕ್ತಿ ಹೆಚ್ಚಿಸುವ ಮಾತ್ರೆ ಕೊಡಬಹುದಾ? ಜ್ವರವೇ ಬಂದಿರಲಿಲ್ಲ. ನಾವೇ ಗಮನಿಸದೆ ತಪ್ಪು ಮಾಡಿದೆವಾ?
– ಓದುಗರೊಬ್ಬರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ನಿಮ್ಮ ಮನಸ್ಸನ್ನು ಕೊರೆಯುತ್ತಿರುವುದು ಅದೇ ಅಲ್ವಾ? ನಿಮ್ಮದು ತಪ್ಪಲ್ಲ. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ, ಇದ್ದವರಿಗೆ ಸೋಂಕಾದರೂ ಎಷ್ಟೋ ಸಲ ಜ್ವರ ಬರುವುದಿಲ್ಲ. ಈ ಕಾಯಿಲೆಯಲ್ಲಿ ದೊಡ್ಡದಾಗುವ ಗುಲ್ಮ (ಸ್ಪ್ಲೀನ್) ಬಿಳಿ ರಕ್ತಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲೂ ಅವುಗಳ ಸಂಖ್ಯೆ ಏರಿದಂತೆ ಕಾಣದೇ ಇರಬಹುದು. ನಾವು ಡಾಕ್ಟರುಗಳೂ ಇಲ್ಲಿ ಬಹಳ ಎಚ್ಚರ ವಹಿಸಬೇಕಾಗುತ್ತದೆ.

ಇನ್ನು ಆ ಇಬ್ಬರು ಡಾಕ್ಟರು ಹೇಳಿದ್ದೂ ನಿಜವೇ. ಲಿವರಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುತ್ತದೆ. ಅದರ ಜೊತೆ ಬರುವ ಬ್ಯಾಕ್ಟೀರಿಯಾ ಮತ್ತು ಅವುಗಳ ಚೂರುಗಳನ್ನು ಲಿವರಿನ ಕುಪ್ಫರ್ ಕೋಶಗಳು ನುಂಗಿಹಾಕುತ್ತವೆ. ಸಿರೋಸಿಸ್‌ನಲ್ಲಿ ಕರುಳಿನ ಗೋಡೆ ಸೋರತೊಡಗುತ್ತದೆ. ಒಂದಷ್ಟು ರಕ್ತ ಲಿವರಿಗೆ ಹೋಗದೆ ಬೇರೆ ದಾರಿಯಲ್ಲಿ ಹೋಗುತ್ತದೆ. ಹೀಗೆ ನುಸುಳಿದ ಚೂರುಗಳು ಮೈಯನ್ನು ಸದಾ ಕೆರಳಿಸುತ್ತಿರುತ್ತವೆ. ಹಗಲೂ ರಾತ್ರಿ ಸೈರನ್ ಕೂಗುತ್ತಲೇ ಇದ್ದರೆ ಕಾವಲುಗಾರ ಎಷ್ಟು ದಿನ ಓಡಿಯಾನು? ಬಿಳಿ ರಕ್ತಕಣಗಳೂ ಹಾಗೇ ದಣಿಯುತ್ತವೆ. ಮಾನೊಸೈಟ್ ಎಂಬ ಕಣದ ಮೈಮೇಲೆ ಎಚ್‌ಎಲ್‌ಎ-ಡಿಆರ್ ಎಂಬ ಪ್ರೋಟೀನ್ ಇರುತ್ತದೆ. ವೈರಿಯ ಚೂರನ್ನು ಬೇರೆ ಕಣಗಳಿಗೆ ತೋರಿಸುವುದು ಅದರ ಕೆಲಸ. ಕಾಯಿಲೆ ತೀವ್ರವಾದಾಗ ಅದು ಕಮ್ಮಿಯಾಗುತ್ತದೆ. ಸೋಂಕಿನ ವಿರುದ್ಧ ಬೇಕಾದ ಪ್ರೋಟೀನುಗಳಲ್ಲಿ ಹಲವನ್ನು ತಯಾರಿಸುವುದೂ ಲಿವರೇ. ಅವೂ ಇಳಿಯುತ್ತವೆ.

ಇಂಥ ಮೈಗೆ ಒಂದು ಸೋಂಕು ತಗುಲಿದರೆ ಉರಿಯೂತ ಭುಗಿಲೇಳುತ್ತದೆ. ಸಾಯುವ ಲಿವರ್ ಕೋಶಗಳಿಂದ ಹೊರಬರುವ ವಸ್ತುಗಳೂ ಅದನ್ನು ಹೆಚ್ಚಿಸುತ್ತವೆ. ಕಿಡ್ನಿ, ಮೆದುಳು, ರಕ್ತಪರಿಚಲನೆಗೆ ಪೆಟ್ಟು ಬೀಳುವುದರಲ್ಲಿ ಈ ಉರಿಯೂತದ ಪಾತ್ರ ದೊಡ್ಡದು. ಅಷ್ಟಾದರೂ ಬ್ಯಾಕ್ಟೀರಿಯಾವನ್ನು ಕೊಲ್ಲುವ ಕೆಲಸ ಸರಿಯಾಗಿ ಆಗುವುದಿಲ್ಲ.

ಚಿಕಿತ್ಸೆ ಕಷ್ಟವಾಗುವುದು ಇಲ್ಲೇ. ಮದ್ಯದಿಂದಾದ ತೀವ್ರ ಹೆಪಟೈಟಿಸ್‌ನಲ್ಲಿ ಸ್ಟೀರಾಯ್ಡ್ ಕೊಟ್ಟು ನೋಡಿದ ದೊಡ್ಡ ಬ್ರಿಟಿಷ್ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಉರಿಯೂತ ತಗ್ಗಿಸುವ ಆ ಔಷಧಿ ತೆಗೆದುಕೊಂಡವರಲ್ಲಿ ಶೇ. 13ರಷ್ಟು ಜನರಿಗೆ ಗಂಭೀರ ಸೋಂಕಾಯಿತು. ತೆಗೆದುಕೊಳ್ಳದವರಲ್ಲಿ ಇದು ಶೇ. 7 ಮಾತ್ರ. ಸರಿ, ಬಿಳಿ ರಕ್ತಕಣವನ್ನೇ ಹೆಚ್ಚಿಸೋಣ ಎಂದು ಜರ್ಮನಿಯಲ್ಲಿ ನಿಮ್ಮ ತಂದೆಯಂಥ ರೋಗಿಗಳಿಗೆ ಜಿ-ಸಿಎಸ್‌ಎಫ್ ಎಂಬ ಇಂಜೆಕ್ಷನ್ ಕೊಟ್ಟು ನೋಡಿದರು. ಬದುಕುಳಿದವರ ಸಂಖ್ಯೆ ಹೆಚ್ಚಲಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಸಿಗುವ ‘ಇಮ್ಯುನಿಟಿ’ ಮಾತ್ರೆ, ಪುಡಿ ಖಂಡಿತ ಬೇಡ. ದಯವಿಟ್ಟು ಯಾರ ಒತ್ತಾಯಕ್ಕೂ ಕೊಡಬೇಡಿ. ಕೆಲವು ಗಿಡಮೂಲಿಕೆಗಳೇ ಲಿವರಿಗೆ ಹಾನಿ ಮಾಡುತ್ತವೆ. ಈಗ ನೆರವಾಗುವುದು ಸೋಂಕಿಗೆ ತಕ್ಕ ಆ್ಯಂಟಿಬಯಾಟಿಕ್, ಕಿಡ್ನಿಗೆ ಆಸರೆ, ಅಗತ್ಯವಿದ್ದರೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷಿಸಿದ್ದಾರಾ ಎಂದು ಕೇಳಿ. ಆ ನೀರಿನ ಒಂದು ಘನ ಮಿಲಿಮೀಟರಿನಲ್ಲಿ 250ಕ್ಕಿಂತ ಜಾಸ್ತಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ ಕಂಡರೆ ಅಲ್ಲೂ ಸೋಂಕಿದೆ ಎಂದು ಚಿಕಿತ್ಸೆ ಶುರು ಮಾಡುತ್ತೇವೆ.

ಇನ್ನೊಂದು ಮಾತನ್ನು ಮುಚ್ಚಿಡಲಾರೆ. ಸೋತ ಅಂಗಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಲಿವರ್ ಕಸಿಗೆ ತಂದೆಯವರು ತಕ್ಕವರಾ, ಸೋಂಕು ಹತೋಟಿಗೆ ಬಂದ ಮೇಲೆ ಅದನ್ನು ಯೋಚಿಸಬಹುದಾ ಎಂದು ಅವರ ಡಾಕ್ಟರನ್ನು ಇವತ್ತೇ ಕೇಳಿ. ಅವರಾಗಿ ಹೇಳಲಿ ಎಂದು ಕಾಯಬೇಡಿ.