ಪ್ರಶ್ನೋತ್ತರ: ಹಳೆಯ ಪೆಟ್ರೋಲ್ ಕಾರು ಕೊಳ್ಳುವ ಮುನ್ನ, ಕೊಂಡ ಮೇಲೆ

ಪ್ರಶ್ನೆ: ಮೈಸೂರಿನ ಪರಿಚಯಸ್ಥರೊಬ್ಬರು 2012ರಲ್ಲಿ ನೋಂದಣಿಯಾದ ಸ್ಯಾಂಟ್ರೋ ಪೆಟ್ರೋಲ್ ಕಾರನ್ನು ಮಾರುತ್ತಿದ್ದಾರೆ. ಓಡಿರುವುದು 41,000 ಕಿ.ಮೀ. ಮಾತ್ರ. ನನಗೆ ದಿನವೂ ಮಂಡ್ಯಕ್ಕೆ ಹೋಗಿಬರಲು ಬೇಕು. ಏನೇನು ಪರೀಕ್ಷಿಸಬೇಕು?
– ಓದುಗರೊಬ್ಬರು, ಮದ್ದೂರು

ಉತ್ತರ: ಕಡಿಮೆ ಓಡಿದೆ ಎಂಬ ಒಂದೇ ಕಾರಣಕ್ಕೆ ಮುಂಗಡ ಕೊಟ್ಟುಬಿಡಬೇಡಿ. ಟೈಮಿಂಗ್ ಬೆಲ್ಟ್ (ಪಿಸ್ಟನ್‌ಗಳ ಲಯಕ್ಕೆ ಸರಿಯಾಗಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ರಬ್ಬರ್ ಪಟ್ಟಿ), ರೇಡಿಯೇಟರ್ ಪೈಪು, ಎಂಜಿನ್ ಮೌಂಟಿಂಗ್, ಟೈರುಗಳು ಶೆಡ್ಡಿನಲ್ಲಿ ನಿಂತಲ್ಲೇ ಹಳತಾಗುತ್ತವೆ. ಇವುಗಳಲ್ಲಿ ಬೆಲ್ಟೇ ಮುಖ್ಯ; ಅದು ಓಡುವಾಗ ತುಂಡಾದರೆ ಪಿಸ್ಟನ್‌ಗಳು ವಾಲ್ವುಗಳಿಗೆ ಬಡಿದು ಅವು ಬಾಗುವ, ಎಂಜಿನ್ ಹೆಡ್ಡನ್ನೇ ಇಳಿಸಬೇಕಾಗುವ ಸಂಭವವಿದೆ. ಬದಲಾಯಿಸಿದ ಬಿಲ್ಲು ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ತಿಳಿದು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಸಹಿತ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನೂ ಓದಿ: 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು.

ಬೆಳಿಗ್ಗೆಯೇ ಹೋಗಿ, ನೀವು ಬರುವವರೆಗೆ ಸ್ಟಾರ್ಟ್ ಮಾಡಬಾರದೆಂದು ಮೊದಲೇ ಹೇಳಿರಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಅನುಮಾನ ತಪ್ಪಲ್ಲ. ತಣ್ಣಗಿರುವಾಗಲೇ ಆಯಿಲ್ ಮುಚ್ಚಳ ತೆಗೆದು ಒಳಬದಿ ನೋಡಿ. ಹಾಲು ಬೆರೆಸಿದ ಕಾಫಿಯಂಥ ಜಿಡ್ಡಿದ್ದರೆ ಆಯಿಲ್‌ಗೆ ನೀರು ಸೇರಿರಬಹುದು. ಸ್ಟಾರ್ಟ್ ಮಾಡಿದಾಗ ಮೈಸೂರಿನ ಚಳಿಗೆ ತುಸು ಬಿಳಿ ಹಬೆ ಬರುವುದು ಸಹಜ, ಆದರೆ ಎಂಜಿನ್ ಕಾದ ಮೇಲೂ ಅದು ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲು) ಹೋಗಿರುವ ಶಂಕೆ ಪಡಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ.

ಆಮೇಲೆ ಎ.ಸಿ. ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿ. ಊರೊಳಗಿನ ಒಂದು ಸುತ್ತಿನಲ್ಲಿ ಕಾಣದ ದೋಷ ಅಲ್ಲಿ ಹೊರಬೀಳುತ್ತದೆ: ಎಂಜಿನ್ ಸದ್ದು ಏರಿದರೂ ಕಾರು ಅದಕ್ಕೆ ತಕ್ಕಂತೆ ಮುಂದೆ ಹೋಗದಿದ್ದರೆ ಕ್ಲಚ್ ಸವೆದಿದೆ, ಉಷ್ಣಾಂಶದ ಮುಳ್ಳು ನಡುವನ್ನು ದಾಟಿ ಏರುತ್ತಲೇ ಹೋದರೆ ಕೂಲಿಂಗ್ ವ್ಯವಸ್ಥೆ ಸರಿಯಿಲ್ಲ. ಇಳಿಯುವಾಗ ಬ್ರೇಕ್ ಒತ್ತಿದರೆ ಕಾರು ಒಂದು ಕಡೆಗೆ ಎಳೆಯಬಾರದು. ತುಕ್ಕಿಗಾಗಿ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ನೋಡುವುದನ್ನು ಮರೆಯಬೇಡಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಇದರದು 2027ರಲ್ಲಿ ಮುಗಿಯುತ್ತದೆ, ಆಗ ಆರ್‌ಟಿಒ ತಪಾಸಣೆಯ ನಂತರ 5 ವರ್ಷಕ್ಕೆ ನವೀಕರಿಸಬೇಕು. ಚಾಸಿಸ್ ಸಂಖ್ಯೆಯನ್ನು ಆರ್‌ಸಿಯೊಂದಿಗೆ ತಾಳೆ ನೋಡಿ, ಹಿಂದಿನ ಸಾಲದ ನಮೂದು ರದ್ದಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ರಾಜ್ಯದೊಳಗಿನ ವರ್ಗಾವಣೆಯಾದ್ದರಿಂದ ನಂಬರ್ ಬದಲಾಗುವುದಿಲ್ಲ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ.

ಪ್ರಶ್ನೆ: ನನ್ನ ಕಾರ್ಬ್ಯುರೇಟರ್ ಇರುವ ಮಾರುತಿ 800 ಹೆಚ್ಚಾಗಿ ಮನೆಯಲ್ಲೇ ನಿಂತಿರುತ್ತದೆ. ಈಗಿನ ಇ20 ಪೆಟ್ರೋಲ್‌ನಿಂದ ತೊಂದರೆಯೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಶೇ 20ರಷ್ಟಿರುವ ಎಥನಾಲ್ ತೇವಾಂಶವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಹಾಳುಮಾಡಬಲ್ಲದು. ಆದ್ದರಿಂದ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ. ಪೆಟ್ರೋಲ್ ವಾಸನೆ ಬಂದರಂತೂ ತಡಮಾಡಬೇಡಿ. ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಉಳಿಯದಂತೆ ನೋಡಿಕೊಳ್ಳಿ. ಗೇಟಿನೊಳಗೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸೈಲೆನ್ಸರ್‌ನ ನೀರೂ ಒಣಗುವುದಿಲ್ಲ, ಬ್ಯಾಟರಿಯೂ ತುಂಬುವುದಿಲ್ಲ. ವಾರಕ್ಕೊಮ್ಮೆ ರಿಂಗ್ ರಸ್ತೆಯಲ್ಲಿ ಎಂಜಿನ್ ಚೆನ್ನಾಗಿ ಕಾಯುವಷ್ಟು ಓಡಿಸಿ. ರೇಡಿಯೇಟರ್‌ಗೆ ನಲ್ಲಿ ನೀರಿನ ಬದಲು ಕೂಲೆಂಟನ್ನೇ ಹಾಕಿಸಿ.